ಯಾರು ದೊಡ್ಡವರು?

ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದೆ. ಮೊಮ್ಮಗಳು ಕೇಳಿದಳು: "ಅಜ್ಜಿ, ಶಾಂತಾ ರಂಗಸ್ವಾಮಿ ದೊಡ್ಡವರಾ, ವೇದಾ ಕೃಷ್ಣಮೂರ್ತಿ ದೊಡ್ಡವರಾ?"

ವೇದಾ ನಮ್ಮದೇ ಜಿಲ್ಲೆಯ ಕಡೂರಿನ ಹುಡುಗಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಚೆಂಡಿಗೆ 70 ರನ್ ಹೊಡೆದಾಕೆ. ಶಾಂತಾ ಅವರು 1976ರಲ್ಲಿ ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಓಡಾಡಿ, ನೆಲದ ಮೇಲೆ ಮಲಗೆದ್ದು ಆಡಿದವರು.

"ಶಾಂತಾ ಅವರೇ" ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ತಡೆದೆ. ಇಂಥದೇ ಮಾತಿನಿಂದಲ್ಲವೆ ನಾನು ಸೊಸೆಯನ್ನು ನೋಯಿಸಿದ್ದು? "ನರಸಿಂಹರಾಜಪುರದಿಂದ ನಾನು ಬಂದಾಗ ಮಿಕ್ಸಿ ಇತ್ತೇನು? ಒರಳಲ್ಲೇ ರುಬ್ಬಿದೆ" ಎಂದಾಗ ಅವಳು ಮಾತಾಡದೆ ಒಳಗೆ ಹೋಗಿದ್ದಳು. ಬೆಳಗಿನ ಬಸ್ಸಿಗೆ ಶೃಂಗೇರಿಗೆ ಹೋಗಿ, ಪಾಠ ಹೇಳಿ, ಸಂಜೆ ಬಂದು ಅಡುಗೆಗೆ ನಿಲ್ಲುವವಳು ಅವಳು. ಆ ಬಸ್ಸನ್ನು ನಾನು ಒಂದು ದಿನವೂ ಹತ್ತಿದವಳಲ್ಲ.

ಶಾಂತಾ ಪಟ್ಟ ಪಾಡನ್ನು ವೇದಾ ಪಡಲಿಲ್ಲವಾದರೆ ಅದು ವೇದಾಳ ಕೊರತೆಯಲ್ಲ, ಶಾಂತಾ ಅವರ ಗಳಿಕೆ. ಹಾಗಾದರೆ ನಮ್ಮ ಮನೆಯ ಮಿಕ್ಸಿಯ ಮೇಲೆ ನನಗೇಕೆ ಸಿಟ್ಟು?

"ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನಿಂದಾಗದು ಮಗಾ" ಎಂದೆ.

ಆ ಸಂಜೆ ಸೊಸೆ ಬಸ್ಸಿಳಿದು ಬರುವ ಹೊತ್ತಿಗೆ ಕಾಫಿ ನಾನೇ ಮಾಡಿಟ್ಟಿದ್ದೆ.