ಕರುಳೂ ಬಿಟ್ಟಿ ಚಾಕರಿಯೂ

ಅಪ್ಪ ಅವ್ವ ಕೂಲಿಗೆ ಹೋದರೆ, ನಡೆಯಲಾಗದ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡುವವಳು ಅಕ್ಕ, ಅಣ್ಣನಲ್ಲ. ಇದನ್ನು ‘ಕರುಳು’ ಅಂತೀವಿ. ಕರುಳು ಹೆಣ್ಣಿಗೆ ಮಾತ್ರ ಇದೆಯೇನ್ರಿ?

ಊನವನ್ನು ಹಿಂದಿನ ಜನ್ಮದ ಕರ್ಮ ಅಂದವರೇ ನಮ್ಮ ಹುಟ್ಟನ್ನೂ ಹಾಗೆಂದರು. ಆ ಸುಳ್ಳನ್ನು ಮೊದಲು ಮಕ್ಕಳ ತಲೆಯಿಂದ ಕೀಳಬೇಕು. ಉಣಿಸುವುದು, ಮೀಯಿಸುವುದು ಅಣ್ಣನೂ ಕಲಿಯಲಿ. ಏನು ಬೇಕೆಂದು ತಮ್ಮನನ್ನೇ ಕೇಳಲಿ.

ಮೇಷ್ಟ್ರೇ, ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ, ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಕ್ಕ, ಅಣ್ಣ ಇಬ್ಬರಿಗೂ ಇದನ್ನು ಹೇಳಿಕೊಡಿ. ತಮ್ಮನೂ ಶಾಲೆಗೆ ಬರಲಿ, ಅಕ್ಕನೂ ಬರಲಿ.

ಹಂಚಿಕೊಂಡರೆ ಅದು ಕರುಳು. ಒಬ್ಬಳ ಮೇಲೇ ಹೇರಿದರೆ ಬಿಟ್ಟಿ ಚಾಕರಿ. ಬಿಟ್ಟಿ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.