ಮುದ್ರೆ ಮತ್ತು ಸಹಿ

ಕಡೂರಿನಲ್ಲಿ ಕ್ರಿ.ಶ. 971ರ ಒಂದು ಶಾಸನವಿದೆ. ಪಾಂಬಬ್ಬೆ ಎಂಬ ಹೆಂಗಸು ತಲೆಗೂದಲನ್ನು ಕಿತ್ತು ಬೋಳಾದಳು, ಮೂವತ್ತು ವರ್ಷ ತಪಸ್ಸು ಮಾಡಿದಳು, ವ್ರತಗಳನ್ನು ಪಾಲಿಸುತ್ತಲೇ ದೇಹ ಬಿಟ್ಟಳು ಎಂದು ಅದು ಹೇಳುತ್ತದೆ. ಅವಳು ಗಂಗ ದೊರೆ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಹೆಂಡತಿ. ಅವಳಿಗೆ ದಾರಿ ತೋರಿದವಳೂ ಹೆಣ್ಣೇ: ನಾಣಬ್ಬೆ ಎಂಬ ಕಂತಿ, ಅಂದರೆ ಜೈನ ಸಂನ್ಯಾಸಿನಿ.

ಈ ಶಾಸನಕ್ಕೆ ಸಾವಿರ ವರ್ಷ ತುಂಬಿದ ಮೇಲೆ, 1976ರಲ್ಲಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಪ್ರಕಟವಾಯಿತು. ಇಂದಿರಾ ಅವರ ತಂದೆ ತರೀಕೆರೆಯ ಸೂರ್ಯನಾರಾಯಣರಾಯರು. ತಾಯಿಯ ಬಾಯಲ್ಲಿ ಕೇಳಿದ, ನಿಜವಾಗಿ ಬದುಕಿದ್ದ ಹೆಂಗಸೊಬ್ಬಳ ಕಥೆಯನ್ನು ಅವರು ಬರೆದರು. ಆಡುವ ವಯಸ್ಸಿನಲ್ಲಿ ಮದುವೆ, ಮದುವೆ ಎಂದರೇನು ಎಂದು ತಿಳಿಯುವ ಮೊದಲೇ ವೈಧವ್ಯ, ಆಮೇಲೆ ತಲೆ ಬೋಳಿಸಿ ಮಡಿ ಸೀರೆ. ಇಲ್ಲೂ ಬೋಳು ತಲೆಯೇ.

ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡಕ್ಕೂ ಧರ್ಮದ ಹೆಸರಿದೆ. ಆದರೆ ಪಾಂಬಬ್ಬೆಯ ಕೂದಲನ್ನು ತೆಗೆದದ್ದು ಅವಳು ತಾನಾಗಿ ಹಿಡಿದ ವ್ರತ. ಫಣಿಯಮ್ಮನ ಕೂದಲನ್ನು ತೆಗೆದದ್ದು ಬೇರೆಯವರು ಹಿಡಿದ ಕತ್ತಿ. ಧರ್ಮವೊಂದರ ಗುರುತನ್ನು ಮೈಮೇಲೆ ಹೊತ್ತ ಹೆಣ್ಣು ಆ ಗುರುತಿನ ಒಡತಿಯೋ, ಅದಕ್ಕೆ ಒಳಪಟ್ಟವಳೋ? ಈ ಪ್ರಶ್ನೆಯನ್ನು ಇಂದು ಜಗತ್ತಿನಲ್ಲಿ ಬಹಳ ಆಳವಾಗಿ ಕೇಳುತ್ತಿರುವವರಲ್ಲಿ ಯಹೂದಿ ಮನೆತನಗಳಿಂದ ಬಂದ ಕಲಾವಿದೆಯರಿದ್ದಾರೆ. ನಮಗೆ ಯಹೂದಿಗಳ ಪರಿಚಯ ಕಡಿಮೆ. ಆದರೆ ಅವರ ಪ್ರಶ್ನೆ ನಮ್ಮ ಮನೆಯ ಹಿತ್ತಿಲಿನದು.

ಕಡೂರು ತರೀಕೆರೆ ಸೀಮೆಯ ಎರಡು ಗುರುತುಗಳನ್ನು ಇಟ್ಟುಕೊಂಡು ಇದನ್ನು ಯೋಚಿಸುತ್ತೇನೆ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಿಂದ ಬಂದ ತಳಿ ಅದು; ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಆ ದನಗಳಿಗೆ ಚಿಕ್ಕದೇವರಾಜ ಒಡೆಯರು ತಮ್ಮ ಹೆಸರಿನ ‘ದೇ’ ಅಕ್ಷರದ ಮುದ್ರೆ ಹಾಕಿಸಿದ್ದರು. ಕಾದ ಕಬ್ಬಿಣದ ಆ ಅಕ್ಷರ ದನದ ಮೈಮೇಲಿತ್ತು, ಹೇಳುತ್ತಿದ್ದದ್ದು ಮಾತ್ರ ಒಡೆಯನ ಹೆಸರನ್ನು. ಇತ್ತ ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿ ರೂವಾರಿ ಮಲ್ಲಿತಮ್ಮನಂಥ ಶಿಲ್ಪಿಗಳು ಕೆತ್ತಿದ ಕಲ್ಲಿನ ಕೆಳಗೆ ತಮ್ಮ ಹೆಸರು ಬರೆದಿದ್ದಾರೆ. ಅದೂ ಕೊರೆದ ಅಕ್ಷರವೇ. ಆದರೆ ಅದು ಮಾಡಿದವನ ಸಹಿ. ಒಂದು ಮುದ್ರೆ, ಒಂದು ಸಹಿ. ಹೆಣ್ಣಿನ ಮೈಮೇಲಿರುವ ಧರ್ಮದ ಗುರುತು ಇವೆರಡರಲ್ಲಿ ಯಾವುದು?

ಹೆಣ್ಣನ್ನು ದನದ ಪಕ್ಕ ನಿಲ್ಲಿಸಿದ್ದಕ್ಕೆ ಓದುವವರಿಗೆ ನೋವಾಗಬಹುದು. ಬರೆಯುವಾಗ ನನಗೂ ಆಗಿದೆ. ಆದರೆ ಗಂಡ ಹೋದ ಹುಡುಗಿಯನ್ನು ಹಿತ್ತಿಲಲ್ಲಿ ಕೂರಿಸಿ ತಲೆ ಬೋಳಿಸುತ್ತಿದ್ದ ದಿನಗಳನ್ನು ಬೇರೆ ಯಾವ ಮಾತಿನಲ್ಲಿ ಹೇಳಲಿ? ಬೋಳಿಸಿಕೊಳ್ಳದೆ ಉಳಿದವಳನ್ನು ‘ಸಕೇಶಿ’ ಎಂದು ಬೇರೆ ಹೆಸರಿಟ್ಟು ಕರೆಯುತ್ತಿದ್ದ ಸಮಾಜ ನಮ್ಮದು. ತಲೆಯ ಮೇಲೆ ಕೂದಲಿರುವುದೇ ಒಂದು ಆಪಾದನೆಯಾಗಿತ್ತು.

ಯಹೂದಿಗಳ ಪ್ರಶ್ನೆಯೂ ಕೂದಲಿಗೇ ಬರುತ್ತದೆ. ಅವರ ಸಂಪ್ರದಾಯಸ್ಥರಲ್ಲಿ ಮದುವೆಯಾದ ಹೆಂಗಸು ಪರರ ಮುಂದೆ ತನ್ನ ಕೂದಲನ್ನು ಮರೆಮಾಡಬೇಕು. ಕೆಲವರು ವಸ್ತ್ರ ಸುತ್ತಿಕೊಳ್ಳುತ್ತಾರೆ, ಹಲವರು ವಿಗ್ ತೊಡುತ್ತಾರೆ. 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ಹಿರಿಯ ರಬ್ಬಿ, ಅಂದರೆ ಧರ್ಮಗುರು, ಯೋಸೆಫ್ ಶಾಲೋಮ್ ಎಲ್ಯಾಶಿವ್ ಅವರು ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲಿನ ವಿಗ್ಗುಗಳನ್ನು ತೊಡಬಾರದು ಎಂದು ತೀರ್ಪು ಕೊಟ್ಟರು. ಮೂರ್ತಿಪೂಜೆಗೆ ಸಂದ ವಸ್ತುವನ್ನು ಬಳಸುವುದು ಅವರಲ್ಲಿ ನಿಷಿದ್ಧ. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳಲ್ಲಿ ವಿಗ್ಗುಗಳಿಗೆ ಬೆಂಕಿ ಬಿತ್ತು.

ಮಗುವಿಗೆ ಜ್ವರ ಬಿಟ್ಟರೆ ಮುಡಿ ಕೊಡುತ್ತೇನೆ ಎಂದು ಹರಕೆ ಹೊರುವ ಹೆಂಗಸರು ನಮ್ಮ ಕಡೆ ಪ್ರತಿ ಊರಿನಲ್ಲೂ ಇದ್ದಾರೆ. ತಿರುಪತಿಯ ಕಲ್ಯಾಣಕಟ್ಟೆಯಲ್ಲಿ ತಲೆ ತಗ್ಗಿಸಿ ಕೂತ ತಾಯಿಗೆ ತನ್ನ ಕೂದಲು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಬ್ರೂಕ್ಲಿನ್ನಿನಲ್ಲಿ ಅದನ್ನು ತೊಟ್ಟ ಗೃಹಿಣಿಗೆ ಅದು ಯಾರ ಹರಕೆ ಎಂಬುದು ಗೊತ್ತಿರುವುದಿಲ್ಲ. ಒಬ್ಬಳು ಭಕ್ತಿಯಿಂದ ತೆಗೆಸಿದ್ದನ್ನು ಇನ್ನೊಬ್ಬಳು ಭಕ್ತಿಯಿಂದಲೇ ಧರಿಸಿದ್ದಳು. ಅದು ಅರ್ಪಣೆಯೋ ಅಲ್ಲವೋ, ಶುದ್ಧವೋ ಅಶುದ್ಧವೋ ಎಂದು ವಾದ ಮಾಡಿ ತೀರ್ಮಾನಿಸಿದವರು ಗಂಡಸರು. ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದೇ ಬ್ರೂಕ್ಲಿನ್ನಿನ ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ 1931ರಲ್ಲಿ ಹುಟ್ಟಿದವರು ಹೆಲೆನ್ ಏಲನ್. ರಬ್ಬಿಯೊಬ್ಬರ ಹೆಂಡತಿಯಾದರು, ಮೂವತ್ತರ ಹರೆಯದಲ್ಲಿ ವಿಧವೆಯಾದರು, ಆಮೇಲೆ ಕಲಾವಿದೆಯಾದರು. 1990ರಿಂದ 1996ರವರೆಗೆ ಅವರು ಮಾಡಿದ ಕೃತಿಯ ಹೆಸರು ‘ದೇವರ ಬಿಡುಗಡೆ’ ಎಂಬ ಅರ್ಥದ್ದು. ಮೋಶೆಯ ಐದು ಗ್ರಂಥಗಳ ಪ್ರತಿ ಪುಟದ ಮೇಲೂ ಪಾರದರ್ಶಕ ಹಾಳೆ ಹರಡಿದರು. ಎಲ್ಲಿ ಹೆಣ್ಣಿನ ಮೇಲೆ ಕ್ರೌರ್ಯವಿದೆಯೋ, ಎಲ್ಲಿ ಹೆಣ್ಣನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೋ, ಎಲ್ಲಿ ದೇವರ ಬಾಯಲ್ಲಿ ಗಂಡಸಿನ ಮಾತು ಕೇಳಿಸುತ್ತದೋ ಅಲ್ಲೆಲ್ಲ ಗುಲಾಬಿ ಬಣ್ಣದಲ್ಲಿ ಗುರುತು ಹಾಕಿದರು. ಗಮನಿಸಬೇಕಾದದ್ದು ಆ ಹಾಳೆಯನ್ನು. ಕೆಳಗಿನ ಪವಿತ್ರ ಪುಟಕ್ಕೆ ಅವರು ಮಸಿ ತಾಗಿಸಲಿಲ್ಲ. ಹಾಗೆಂದು ಪುಟದಲ್ಲಿ ಕಂಡದ್ದನ್ನು ಮುಚ್ಚಿಡಲೂ ಇಲ್ಲ.

1998ರಲ್ಲಿ ಅವರು ಖಾಲಿ ನೋಟ್‌ಬುಕ್ಕುಗಳನ್ನು ಸಾಲಾಗಿ ಜೋಡಿಸಿ, ಮಧ್ಯಯುಗದ ಮಹಾ ಪಂಡಿತರಾದ ರಾಶಿ ಮತ್ತು ಮೈಮೊನಿಡೀಸ್ ಅವರ ಹೆಂಡತಿಯರಿಗೆ ಅರ್ಪಿಸಿದರು. ಗಂಡಂದಿರ ಟೀಕೆಗಳನ್ನು ಇಂದಿಗೂ ಓದುತ್ತಾರೆ. ಹೆಂಡತಿಯರು ಬರೆಯಬಹುದಾಗಿದ್ದ ಪುಟಗಳು ಖಾಲಿ. ನಮ್ಮ ಪಾಂಬಬ್ಬೆಯ ಹೆಸರು ಉಳಿದಿದೆ, ಅದು ದೊಡ್ಡ ಭಾಗ್ಯ. ಆದರೆ ಅಣ್ಣತಮ್ಮಂದಿರ, ಗಂಡಂದಿರ ಹೆಸರಿನ ಆಸರೆಯಿಲ್ಲದ ಎಷ್ಟು ಕಂತಿಯರ ಕಲ್ಲುಗಳು ಕೊರೆಯದೆಯೇ ಉಳಿದವೋ!

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಸಿಯೋನಾ ಬೆಂಜಮಿನ್. 1960ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇವರು ಬೆನೆ ಇಸ್ರೇಲ್ ಸಮುದಾಯದವರು. ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದ ಈ ಯಹೂದಿಗಳು ಶನಿವಾರ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ‘ಶನಿವಾರ ತೇಲಿ’ ಎಂದೇ ಹೆಸರಾಗಿದ್ದರು. ಅಮೆರಿಕದಲ್ಲಿ ನೆಲೆಸಿದ ಸಿಯೋನಾ ಮೊಗಲ್ ಕಿರುಚಿತ್ರಗಳ ಶೈಲಿಯಲ್ಲಿ ಬೈಬಲ್ಲಿನ ಹೆಂಗಸರನ್ನು ಬರೆಯುತ್ತಾರೆ. ಆ ಹೆಂಗಸರ ಮೈಬಣ್ಣ ನೀಲಿ. ನಮ್ಮ ಕಣ್ಣಿಗೆ ಕೃಷ್ಣನ ನೀಲಿ ಅದು. ಚಿತ್ರಕಾರ್ತಿಗೆ ಯಾವ ಒಂದು ನಾಡಿಗೂ ಸೇರದ ಆಕಾಶದ, ಸಮುದ್ರದ ನೀಲಿ. ಯಹೂದಿಯೋ ಭಾರತೀಯಳೋ ಎಂದು ಕೇಳಿದವರಿಗೆ ಆ ಬಣ್ಣ ಎರಡೂ ಹೌದು ಎನ್ನುತ್ತದೆ. ಹುಟ್ಟಿನಿಂದ ಬಂದದ್ದನ್ನು ಅವರು ಬಿಸಾಡಿಲ್ಲ, ಯಾರೋ ಕೊಟ್ಟ ಬಣ್ಣದಲ್ಲೇ ಅದನ್ನು ಉಳಿಸಿಕೊಂಡೂ ಇಲ್ಲ.

ಇಲ್ಲಿ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಹೆಣ್ಣನ್ನು ಇಷ್ಟು ಕಾಡಿದ ಧರ್ಮದ ಜೊತೆ ಇನ್ನೂ ಮಾತುಕತೆ ಏಕೆ, ಹೊರಗೆ ಬಂದುಬಿಡಿ ಎಂಬುದು ಒಂದು. ಪವಿತ್ರವಾದದ್ದರ ಮೇಲೆ ಗುಲಾಬಿ ಗೆರೆ ಎಳೆಯಲು ನೀವು ಯಾರು ಎಂಬುದು ಇನ್ನೊಂದು. ಎರಡರಲ್ಲೂ ಒಂದು ಸತ್ಯವಿದೆ. ಹೊರಗೆ ಬಂದವರಿಂದಲೇ ಎಷ್ಟೋ ಬಾಗಿಲುಗಳು ತೆರೆದಿವೆ. ಪವಿತ್ರವಾದದ್ದು ಕೋಟ್ಯಂತರ ಜನರಿಗೆ ಬದುಕಿನ ಆಧಾರವಾಗಿದೆ. ಆದರೆ ಎರಡೂ ವಾದಗಳು ಧರ್ಮ ಗಂಡಸಿನದು ಎಂಬುದನ್ನು ಒಪ್ಪಿಕೊಂಡೇ ಶುರುವಾಗುತ್ತವೆ. ಒಂದು ಅದನ್ನು ಅವನಿಗೇ ಬಿಟ್ಟು ನಡೆ ಎನ್ನುತ್ತದೆ, ಇನ್ನೊಂದು ಅದನ್ನು ಅವನಿಂದ ಕೇಳಿ ತಿಳಿ ಎನ್ನುತ್ತದೆ. ನಾಣಬ್ಬೆಯಿಂದ ಪಾಂಬಬ್ಬೆ ಪಡೆದದ್ದು ಹಾಗಾದರೆ ಯಾರದ್ದು? ಹೆಣ್ಣಿಗೆ ಹೆಣ್ಣು ಗುರುವಾಗಿ ನಡೆದ ಆ ದಾರಿಯೂ ಧರ್ಮವೇ ಅಲ್ಲವೆ?

ಹಾಗಾದರೆ ತಾನೇ ಆರಿಸಿಕೊಂಡದ್ದು ಸಹಿ, ಬೇರೆಯವರು ಹೇರಿದ್ದು ಮುದ್ರೆ ಎಂದು ಮುಗಿಸಬಹುದೆ? ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಹುಟ್ಟಿದಂದಿನಿಂದ ಒಂದೇ ದಾರಿ ಕಂಡವಳು ಅದನ್ನು ಆರಿಸಿಕೊಂಡೆ ಎಂದರೆ ಆ ಮಾತಿಗೆ ಎಷ್ಟು ತೂಕ? ಪಾಂಬಬ್ಬೆಯ ಮನಸ್ಸೂ ನಮಗೆ ತಲುಪಿರುವುದು ಕಲ್ಲು ಕೊರೆದವರ ಮಾತಿನಲ್ಲಿ. ಆದ್ದರಿಂದ ನನಗೆ ಇನ್ನೊಂದು ಒರೆಗಲ್ಲು ಬೇಕೆನಿಸುತ್ತದೆ. ಆ ಗುರುತನ್ನು ಬೇಡ ಎನ್ನುವವಳಿಗೆ ಅದೇ ಮನೆಯಲ್ಲಿ ಜಾಗ ಇದೆಯೆ?

ಈ ಒರೆಗಲ್ಲು ನನಗೆ ಸಿಕ್ಕಿದ್ದು ‘ಫಣಿಯಮ್ಮ’ದಲ್ಲಿ. ಕಾದಂಬರಿಯಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಆಗ ಅವಳ ಪರವಾಗಿ ನಿಲ್ಲುವವಳು ಜೀವಮಾನವಿಡೀ ಮಡಿಯಲ್ಲಿ ಬದುಕಿದ ಫಣಿಯಮ್ಮ. ತನ್ನ ಆಚಾರವನ್ನು ಅವಳು ಬಿಡುವುದಿಲ್ಲ. ತನಗಾದದ್ದು ಇನ್ನೊಬ್ಬಳಿಗೆ ಆಗಬಾರದು ಎನ್ನುವುದನ್ನೂ ಬಿಡುವುದಿಲ್ಲ. ಆ ಗಳಿಗೆಯಲ್ಲಿ ಅವಳ ಬೋಳು ತಲೆಯ ಅರ್ಥವೇ ಬದಲಾಗುತ್ತದೆ. ಅಷ್ಟು ವರ್ಷ ಮುದ್ರೆಯಾಗಿದ್ದದ್ದು ಒಂದು ಮಾತಿನಿಂದ ಅವಳ ಸಹಿಯಾಗುತ್ತದೆ. 1983ರಲ್ಲಿ ಪ್ರೇಮಾ ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ಬದುಕಿದವಳು, ಹೇಳಿದವಳು, ಬರೆದವಳು, ಚಿತ್ರಿಸಿದವಳು ಎಲ್ಲರೂ ಹೆಂಗಸರು.

ತರೀಕೆರೆಯಿಂದ ಮುಂದಿನ ದೊಡ್ಡ ಊರು ಭದ್ರಾವತಿ. 1957ರಲ್ಲಿ ಅಲ್ಲಿ ಹುಟ್ಟಿದ ಶೀಲಾ ಗೌಡ ಇಂದು ಜಗತ್ತು ಬಲ್ಲ ಕಲಾವಿದೆ. ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕೂದಲಿನ ಕರಿ ಹಗ್ಗ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ಗಿಗೆ ಹೋಗುತ್ತದೆ, ಗಿಡ್ಡನೆಯದು ಇಂಥ ಹಗ್ಗವಾಗುತ್ತದೆ. 2009ರ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ಶೀಲಾ ಗೌಡರು ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗದಲ್ಲಿ ಕಾರುಗಳ ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ಕೃತಿಯ ಹೆಸರು ‘ಬಿಹೋಲ್ಡ್’, ನೋಡಿ ಎಂದು. ಉಕ್ಕು ಕೆಳಗೆ ಜಗ್ಗುತ್ತದೆ, ಕೂದಲು ಅದನ್ನು ಹೊತ್ತು ನಿಲ್ಲುತ್ತದೆ. ಅದಕ್ಕೂ ಮೊದಲು, 1998ರಲ್ಲಿ, ಅವರು ಸೂಜಿಗಳಿಗೆ ದಾರ ಪೋಣಿಸಿ, ದಾರಗಳನ್ನು ಕುಂಕುಮದಲ್ಲಿ ಅದ್ದಿ ಕೆಂಪು ಹಗ್ಗ ಮಾಡಿದ್ದರು. ಆ ಕೃತಿಯ ಹೆಸರಿನ ಅರ್ಥ, ಅವನಿಗೆ ನನ್ನ ನೋವು ತಿಳಿಸು ಎಂದು.

ಶೀಲಾ ಗೌಡರನ್ನೂ ಹೆಲೆನ್ ಏಲನ್ ಅವರನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲ. ಏಲನ್ ಅವರ ಎದುರಿಗಿದ್ದದ್ದು ಗ್ರಂಥ, ಶೀಲಾ ಅವರ ಕೈಯಲ್ಲಿರುವುದು ಬೀದಿಯ ವಸ್ತು. ಆದರೆ ಕೆಲಸದ ಬಗೆ ಒಂದೇ. ಭಕ್ತಿ ಎಲ್ಲಿ ಕೈಬಿಟ್ಟಿತೋ ಅಲ್ಲಿಂದ ಅವರು ವಸ್ತುವನ್ನು ಎತ್ತಿಕೊಳ್ಳುತ್ತಾರೆ. ಕೂದಲಿಗೂ ಪುಟಕ್ಕೂ ಹೆಣ್ಣಿನ ಲೆಕ್ಕದಲ್ಲಿ ಮತ್ತೊಮ್ಮೆ ಅರ್ಥ ಹುಡುಕುತ್ತಾರೆ. ಹಾಗೆ ಹುಡುಕುವುದು ಅವಮಾನವಲ್ಲ. ಯಾವುದನ್ನು ನಾವು ನಮ್ಮದು ಎಂದುಕೊಳ್ಳುತ್ತೇವೋ ಅದನ್ನೇ ಅಷ್ಟು ಹತ್ತಿರದಿಂದ ನೋಡುತ್ತೇವೆ.

ಹಾಗೆ ಹೆಣ್ಣೇ ಹುಡುಕದೆ ಬೇರೆಯವರು ಅರ್ಥ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ಕ್ಯಾಲೆಂಡರಿನ ಅಕ್ಕಮಹಾದೇವಿಯನ್ನು ನೆನೆಯಿರಿ. ಉಟ್ಟದ್ದನ್ನೂ ಬಿಟ್ಟು ನಡೆದವಳಿಗೆ ಚಿತ್ರಕಾರರು ಮೊಣಕಾಲವರೆಗೆ ಕೂದಲು ಹೊದಿಸಿದ್ದಾರೆ. ನೋಡುವವರ ಸಂಕೋಚ ಅವಳ ಮೈಮೇಲೆ ಬಟ್ಟೆಯಾಗಿದೆ. ಹೆಣ್ಣಿನ ಗುರುತನ್ನು ಬೇರೆಯವರು ಬರೆದಾಗ ಗೌರವದಿಂದ ಬರೆದರೂ ಹೀಗಾಗುತ್ತದೆ.

ತರೀಕೆರೆ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಗಂಡಸರು ಎಂದೋ ಪ್ಯಾಂಟು ಷರಟಿಗೆ ಬಂದರು. ಲಂಬಾಣಿ ಎಂಬ ಗುರುತನ್ನು ಬಹುಕಾಲ ಹೊತ್ತವರು ಹೆಂಗಸರು: ಕನ್ನಡಿ, ಕವಡೆ, ಕಸೂತಿಯ ಭಾರದ ಲಂಗ. ಸಮುದಾಯದ ಮಾನವನ್ನೆಲ್ಲ ಹೆಣ್ಣಿನ ಮೈಮೇಲೆ ಹೇರುವ ರೀತಿ ಇದು, ಮುದ್ರೆಯೇ ಸರಿ. ಆದರೆ ಆ ಕಸೂತಿಯನ್ನು ಹೊಲಿದವಳೂ ಅವಳೇ. ಯಾವ ಕನ್ನಡಿ ಎಲ್ಲಿ ಕೂರಬೇಕು ಎಂದು ತೀರ್ಮಾನಿಸಿದ್ದು ಅವಳ ಸೂಜಿ. ಒಂದೇ ಬಟ್ಟೆಯಲ್ಲಿ ಮುದ್ರೆಯೂ ಸಹಿಯೂ ಇದೆ. ಅಲ್ಲಿ ಇಲ್ಲದ್ದು ಅವಳ ಹೆಸರೊಂದೇ. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್, ಆಕೆಯೂ ಬ್ರೂಕ್ಲಿನ್ನಿನ ಯಹೂದಿ ಮಗಳು, ಮಹಾನ್ ಕಲಾವಿದೆಯರು ಏಕಿಲ್ಲ ಎಂದು 1971ರಲ್ಲಿ ಕೇಳಿದ್ದರು. ಪ್ರತಿಭೆಯ ಕೊರತೆ ಕಾರಣವಲ್ಲ, ಕಲಿಯುವ, ಮಾಡುವ ಅವಕಾಶಗಳನ್ನೇ ಹೆಣ್ಣಿಗೆ ಮುಚ್ಚಿಡಲಾಗಿತ್ತು ಎಂಬುದು ಅವರ ಉತ್ತರ. ಅಮೃತಾಪುರದ ಗೋಡೆಯಲ್ಲಿ ಮಲ್ಲಿತಮ್ಮನಿಗೆ ಸಿಕ್ಕ ಅಂಗೈಯಗಲದ ಜಾಗ ನಮ್ಮ ಹಸೆ ಬರೆದವಳಿಗೆ, ಕೌದಿ ಹೊಲಿದವಳಿಗೆ, ಕಸೂತಿ ಹಾಕಿದವಳಿಗೆ ಸಿಗಲಿಲ್ಲ.

ಅದನ್ನು ಈಗ ಕೊಡುವುದು ಕಷ್ಟದ ಕೆಲಸವಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕೌದಿಯೋ, ಮದುವೆಯ ಹಸೆಯ ಫೋಟೋವೋ, ತಾಂಡಾದಿಂದ ಬಂದ ಕಸೂತಿಯ ತುಂಡೋ ಇದ್ದರೆ ಅದನ್ನು ಮಾಡಿದವಳ ಹೆಸರೇನೆಂದು ಕೇಳಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳಿ. ಹೆಸರು ಸಿಕ್ಕಿದ ಮೇಲೆ ಅದರ ಕೆಳಗೆ ಬರೆದಿಡಿ.