ನಿರ್ಮೋಚ್ಯಲೇಪ ಮೀಮಾಂಸೆ

ಸಂಸ್ಕಾರಕಾಲದಲ್ಲಿ ಲೋಹದ ಮೇಲ್ಮೈಯನ್ನು ಗೀರು, ಕಲೆ, ರಾಸಾಯನಿಕ ಸವೆತಗಳಿಂದ ರಕ್ಷಿಸಿ, ಪ್ರಯೋಜನ ತೀರಿದೊಡನೆ ಶೇಷವುಳಿಸದೆ ಪಟಲರೂಪದಲ್ಲಿ ಕಳಚಿಬರುವ ಆವರಣವೇ ನಿರ್ಮೋಚ್ಯಲೇಪ. ‘ತಾತ್ಕಾಲಿಕ ಆವರಣ’ ಎಂದಷ್ಟೇ ಹೇಳಿದರೆ ಬೀದರಿನ ಬಿದರಿ ಕೆಲಸದಲ್ಲಿ ಅತಿವ್ಯಾಪ್ತಿ. ಅಲ್ಲಿ ಸತು-ತಾಮ್ರ ಮಿಶ್ರಲೋಹದ ಪಾತ್ರೆಗೆ ಮೈಲುತುತ್ತದ ದ್ರಾವಣ ಬಳಿದು ಕಪ್ಪಾಗಿಸುವುದು ಕೊರೆಯುವ ರೇಖೆ ಸ್ಪಷ್ಟವಾಗಿ ಕಾಣಲೆಂದು. ಆ ಕಪ್ಪು ರಕ್ಷಕವೂ ಅಲ್ಲ, ಉಜ್ಜದೆ ಹೋಗುವುದೂ ಅಲ್ಲ. ‘ರಕ್ಷಕ’ ಎಂಬುದನ್ನು ಸೇರಿಸಿದರೂ ಗ್ರೀಸ್ ಲಕ್ಷಣದೊಳಗೆ ಬರುತ್ತದೆ. ‘ಪಟಲರೂಪದಲ್ಲಿ’ ಎಂಬ ವಿಶೇಷಣದಿಂದ ಅದರ ವ್ಯಾವೃತ್ತಿ.

ಕಳಚುವಿಕೆಗೆ ಹೇತು ಬಲತಾರತಮ್ಯ. ಪಟಲದ ಕಣಗಳು ತಮ್ಮತಮ್ಮಲ್ಲಿ ಹಿಡಿದುಕೊಂಡಿರುವ ಸಂಸಂಜನಬಲವು ಅವು ಲೋಹವನ್ನು ಹಿಡಿದಿರುವ ಆಸಂಜನಬಲಕ್ಕಿಂತ ಅಧಿಕವಾಗಿರಬೇಕು. ವಿಪರ್ಯಯದಲ್ಲಿ ಪಟಲ ಚೂರುಚೂರಾಗಿ ಹರಿಯುತ್ತದೆ.

ಉತ್ಪತ್ತಿಭೇದದಿಂದ ಇದು ತ್ರಿವಿಧ. ಹನುಮಸಾಗರ, ಕುಷ್ಟಗಿಗಳ ಫ್ಯಾಬ್ರಿಕೇಶನ್ ಕೆಲಸಗಾರರಿಗೆ ಪರಿಚಿತವಾದುದು ಸ್ಟೇನ್‌ಲೆಸ್ ಸ್ಟೀಲ್ ಹಾಳೆಯ ಮೇಲಿನ ಪಾಲಿಥೀನ್ ಪೊರೆ, ಇದು ಪೂರ್ವಸಿದ್ಧ. ದ್ರವವಾಗಿ ಸಿಂಪಡಿಸಿದ ಬಳಿಕ ಒಣಗಿ ಪಟಲವಾಗುವ ವಿನೈಲ್, ಅಕ್ರಿಲಿಕ್‌ಗಳು ಶೋಷಣಸಿದ್ಧ. ಕರಗಿಸಿದ ಈಥೈಲ್ ಸೆಲ್ಯುಲೋಸಿನಲ್ಲಿ ಉಪಕರಣವನ್ನು ಅದ್ದಿ ಪಡೆಯುವುದು ತಾಪಸಿದ್ಧ. ಇದರೊಳಗಿನ ಎಣ್ಣೆ ಮೆಲ್ಲನೆ ಒಸರಿ ತುಕ್ಕನ್ನೂ ತಡೆಯುತ್ತದೆ.

ಪ್ರಯೋಜನಭೇದದಲ್ಲಿ ರಾಸಾಯನಿಕ ತಕ್ಷಣವು, ಅಂದರೆ ದ್ರಾವಣದಿಂದ ಲೋಹವನ್ನು ಕೊರೆಯುವ ಕ್ರಮವು, ವಿಶೇಷ ವಿಚಾರಾರ್ಹ. ವಿಮಾನದ ಅಲ್ಯೂಮಿನಿಯಂ ಹಾಳೆಗೆ ರಬ್ಬರಿನಂಥ ಲೇಪ ಕೊಟ್ಟು, ಅಚ್ಚಿನ ಅಂಚಿಗೆ ಚಾಕುವಿನಿಂದ ಗೆರೆ ಕೊಯ್ದು, ತೆಳುವಾಗಬೇಕಾದ ಭಾಗದಿಂದ ಮಾತ್ರ ಸುಲಿಯುತ್ತಾರೆ. ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ತೆರೆದ ಭಾಗ ಕರಗಿ ಭಾರ ಇಳಿಯುತ್ತದೆ. ದ್ರಾವಣವು ಆಳಕ್ಕಷ್ಟೇ ಅಲ್ಲ, ಪಾರ್ಶ್ವಕ್ಕೂ ಕೊರೆದು ಲೇಪದ ಅಡಿಗೆ ನುಗ್ಗುವುದರಿಂದ ಗೆರೆಯನ್ನು ಉದ್ದಿಷ್ಟ ಸೀಮೆಗಿಂತ ಒಳಗೆ ಹಾಕಬೇಕು. ಒಂದೇ ಲೇಪದಲ್ಲಿ ಸುಲಿದ ಭಾಗವೂ ಉಳಿದ ಭಾಗವೂ ಏಕಕಾಲದಲ್ಲಿ ಸಾರ್ಥಕವಾಗುವುದು ಇಲ್ಲಿನ ವಿಶೇಷ. ಈ ಶಾಸ್ತ್ರದ ಅತ್ಯಂತ ಸುಂದರ ಸ್ಥಾನವಿದು.

ಪೂರ್ವಪಕ್ಷ: ಎಣ್ಣೆ ಸವರಿದರೆ ಸಾಕು, ಎಸೆಯಲೆಂದೇ ಲೇಪಿಸುವುದು ಅಪವ್ಯಯ. ಹಾಗಲ್ಲ. ಎಣ್ಣೆ ತುಕ್ಕನ್ನು ತಡೆಯುತ್ತದೆ, ಗೀರನ್ನು ತಡೆಯದು. ಧೂಳನ್ನಂತೂ ತಾನೇ ಕರೆಯುತ್ತದೆ. ಮುಂದೆ ಬಣ್ಣ, ವೆಲ್ಡಿಂಗ್ ಬೇಕಾದಲ್ಲಿ ಅದನ್ನು ತೊಳೆದೇ ತೀರಬೇಕು. ಸುಲಿದ ಪ್ಲಾಸ್ಟಿಕ್ ಕಸವಾಗುತ್ತದೆಂಬ ಅಂಶವಾದರೋ ಸತ್ಯ, ಅಂಗೀಕೃತ. ಆದರೆ ಗೀರುಬಿದ್ದು ತಿರಸ್ಕೃತವಾದ ಉಕ್ಕಿನ ಹಾಳೆಯೂ ಅಪವ್ಯಯವೇ.

ಪುನಃ ಆಕ್ಷೇಪ: ಕಳಚುವಿಕೆಯೇ ಸಾರವಾದರೆ ಅಂಟು ಅತ್ಯಲ್ಪವಾಗಿರಲಿ. ಅದೂ ಸಲ್ಲದು. ಹಾಳೆಯನ್ನು ಬಾಗಿಸುವಾಗ ಅಂಚು ಎದ್ದು, ಸಂದಿಗೆ ನೀರು, ಲೋಹದ ಪುಡಿ ಹೊಕ್ಕರೆ ರಕ್ಷಕವೇ ದೂಷಕವಾಗುತ್ತದೆ. ಆದ್ದರಿಂದ ಆಸಂಜನಕ್ಕೆ ಅಧಸ್ಸೀಮೆಯೂ ಊರ್ಧ್ವಸೀಮೆಯೂ ಉಂಟು.

ಈ ಸೀಮೆಗಳು ಕಾಲನಿರಪೇಕ್ಷವೂ ಅಲ್ಲ. ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಪೊರೆಸಹಿತ ಹಾಳೆಯನ್ನು ಅಂಗಳದ ಬಿಸಿಲಿಗೆ ಬಿಟ್ಟರೆ ಶಾಖದಿಂದ ಅಂಟು ಬಿಗಿಯುತ್ತದೆ, ನೇರಳಾತೀತ ಕಿರಣದಿಂದ ಪೊರೆ ಪೆಡಸಾಗುತ್ತದೆ. ಒಂದು ಬಲ ಏರುತ್ತಿದ್ದಂತೆ ಇನ್ನೊಂದು ಇಳಿದು ತಾರತಮ್ಯವೇ ತಲೆಕೆಳಗಾಗುತ್ತದೆ. ಆಗ ಉಗುರಿಗೆ ಸಿಗುವುದು ತುಂಡು ಮಾತ್ರ. ದ್ರಾವಕ ಹಚ್ಚಿ ಕೆರೆಯಬೇಕು. ಅಂಥದ್ದು ಪದಾರ್ಥತಃ ಅದೇ ಪಾಲಿಥೀನ್ ಆದರೂ ಲಕ್ಷಣತಃ ನಿರ್ಮೋಚ್ಯಲೇಪವಲ್ಲ. ಆದಕಾರಣ ಮೊದಲು ಹೇಳಿದ ಲಕ್ಷಣಕ್ಕೆ ‘ನಿಯತಕಾಲದೊಳಗೆ, ನೆರಳಿನಲ್ಲಿ ರಕ್ಷಿತವಾದ’ ಎಂಬ ಉಪಾಧಿಯನ್ನು ಸೇರಿಸಿ ಓದತಕ್ಕದ್ದು.